ಹಾಡಿಯ ಹೆಣ್ಣುಮಕ್ಕಳ ದುಡಿಮೆಗೆ ಸರ್ಕಾರದ ದುಡ್ಡು: ಎಲ್ಲಿ ಕೇಳಬೇಕು, ಹೇಗೆ ಕೇಳಬೇಕು

ಹಾಡಿಯಲ್ಲಿ, ಅಂದರೆ ಕಾಡಂಚಿನ ಆದಿವಾಸಿಗಳ ಊರಿನಲ್ಲಿ, ಹೆಂಗಸರ ಸ್ವಸಹಾಯ ಸಂಘದ ಸಭೆಗೆ ಹೋದರೆ ಟೀ ಬರುವುದಕ್ಕೂ ಮೊದಲು ಒಂದು ಪ್ರಶ್ನೆ ಬರುತ್ತದೆ: "ಅಕ್ಕಾ, ಈಗ ಯಾವ ಸ್ಕೀಮ್‌ನಲ್ಲಿ ಸಬ್ಸಿಡಿ ಜಾಸ್ತಿ ಐತೆ?" ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಅದನ್ನು ಕೊನೆಗೆ ಕೇಳಬೇಕು.

ಆದಿವಾಸಿ ಹೆಣ್ಣುಮಕ್ಕಳು ಸ್ವಂತ ದುಡಿಮೆ ಕಟ್ಟಿಕೊಳ್ಳಲಿ ಅಂತ ಕೇಂದ್ರದ್ದೂ ಹಣ ಇದೆ, ರಾಜ್ಯದ್ದೂ ಇದೆ. ಅದು ಜೇನು ಕುರುಬರ ಹಾಡಿಗೋ ಸೋಲಿಗರ ಪೋಡಿಗೋ ಮುಟ್ಟದೇ ಇರುವುದಕ್ಕೆ ನಾನು ಕಂಡಂತೆ ಎರಡು ಕಾರಣ. ಒಂದು, ಕೆಲಸಕ್ಕೆ ಹೊಂದದ ದುಡ್ಡನ್ನು ಕೇಳಿರುತ್ತಾರೆ. ಎರಡು, ಕೇಳುವ ಹೊತ್ತಿಗೆ ಕಾಗದ, ಪುಸ್ತಕ ಸರಿ ಇರುವುದಿಲ್ಲ. ಮೂರು ತಿಂಗಳ ಜೇನಿನ ಸೀಸನ್‌ನಲ್ಲಿ ಮಾಲು ಕೊಳ್ಳುವುದಕ್ಕೆ ಕೈಯಲ್ಲಿ ದುಡ್ಡಿಲ್ಲ, ಆದರೆ ಶೆಡ್ಡಿನಲ್ಲಿ ಹೊಸ ಯಂತ್ರ ಬೀಗ ಹಾಕಿಕೊಂಡು ಕೂತಿದೆ. ಇಂಥ ಶೆಡ್ಡುಗಳು ಬೇಕಾದಷ್ಟು ಸಿಗುತ್ತವೆ.

ಕರ್ನಾಟಕದ ಕಾಡಂಚಿನ ಬುಡಕಟ್ಟುಗಳ ಹೆಣ್ಣುಮಕ್ಕಳು ಮತ್ತು ಅವರಿಗೆ ಅರ್ಜಿ ತುಂಬಿಕೊಡುವ ಹಾಡಿಯ ಓದಿದ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆದಿದ್ದೇನೆ. ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಇಡಿ. ಹಿಂದೆ ಮುಂದೆ ಮಾಡಿದರೆ ಓಡಾಟ ಜಾಸ್ತಿ.

1. ಕೆಲಸ ಯಾವುದು ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ

ಒಂದು ಹಾಳೆ ತೆಗೆದುಕೊಂಡು ನಾಲ್ಕೇ ಪ್ರಶ್ನೆಗೆ ಉತ್ತರ ಬರೆಯಿರಿ. ಏನು ಮಾಡುತ್ತೇವೆ? ಮಾಲು ಎಲ್ಲಿಂದ ಬರುತ್ತದೆ? ಯಾರು ಕೊಳ್ಳುತ್ತಾರೆ? ದುಡ್ಡು ಯಾವ ತಿಂಗಳು ಬೇಕು?

ಕೊನೆಯ ಪ್ರಶ್ನೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಜೇನು ಬೇಸಿಗೆಯಲ್ಲಿ, ಮಳೆ ಹಿಡಿಯುವುದರೊಳಗೆ. ನೆಲ್ಲಿಕಾಯಿ ಚಳಿಗಾಲದಲ್ಲಿ. ಸೀಗೆಕಾಯಿ, ಅಂಟುವಾಳ, ಮರಪಾಚಿ ಒಂದೊಂದಕ್ಕೂ ಅದರದ್ದೇ ಕಾಲ. ಏಪ್ರಿಲ್‌ನಲ್ಲಿ ಬೇಕಾದ ದುಡ್ಡು ಆಗಸ್ಟ್‌ನಲ್ಲಿ ಬಂದರೆ ಆ ವರ್ಷ ಮುಗಿದ ಹಾಗೆಯೇ. ಉಡುಪಿ, ಮಂಗಳೂರು ಕಡೆಯ ಕೊರಗ ಹೆಣ್ಣುಮಕ್ಕಳ ಬುಟ್ಟಿ ಕೆಲಸಕ್ಕೆ ಸೀಸನ್ ಅಷ್ಟು ಅಡ್ಡಿ ಅಲ್ಲ, ಬಳ್ಳಿ ಸಿಗುವುದೇ ಅಡ್ಡಿ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರು ಹೊಲಿಯುವ ಕೌದಿಗೆ ಹಳೇ ಬಟ್ಟೆ ಸಾಕು. ಅಲ್ಲಿ ಕಷ್ಟ ಇರುವುದು ಕೊಳ್ಳುವವರನ್ನು ಹುಡುಕುವುದರಲ್ಲಿ. ಹೀಗೆ ಒಂದೊಂದು ಕೆಲಸದ ಅಡಚಣೆ ಒಂದೊಂದು ಕಡೆ ಇರುತ್ತದೆ. ದುಡ್ಡು ಕೇಳಬೇಕಾದ್ದು ಆ ಅಡಚಣೆಗೆ.

"ಬೇರೆ ಸಂಘದವರು ಹಪ್ಪಳದ ಮಿಷನ್ ತಗೊಂಡ್ರು, ನಮಗೂ ಬೇಕು" ಅನ್ನುವುದು ಕಾರಣ ಅಲ್ಲ. ಹಾಡಿಯಲ್ಲಿ ಉದ್ದು ಬೆಳೆಯದೆ, ಹತ್ತಿರ ಅಂಗಡಿ ಇಲ್ಲದೆ ಹಪ್ಪಳ ಯಾರಿಗೆ?

2. ಕಾಗದ ಪತ್ರ

ಇದು ಬೇಸರದ ಕೆಲಸ, ಆದರೆ ಅರ್ಧ ಅರ್ಜಿಗಳು ಬೀಳುವುದು ಇಲ್ಲೇ.

ಜಾತಿ ಪ್ರಮಾಣಪತ್ರದಲ್ಲಿ ಬುಡಕಟ್ಟಿನ ಹೆಸರು ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಇರುವ ಹಾಗೆಯೇ ಇರಬೇಕು. "ಜೇನು ಕುರುಬ" ಅನ್ನುವಲ್ಲಿ ಬರೀ "ಕುರುಬ" ಅಂತ ಬಿದ್ದರೆ ಕೊಡಗು ಬಿಟ್ಟು ಉಳಿದ ಕಡೆ ಅದು ಹಿಂದುಳಿದ ವರ್ಗಕ್ಕೆ ಹೋಗುತ್ತದೆ. ಪರಿಶಿಷ್ಟ ಪಂಗಡದ ಒಂದು ರೂಪಾಯಿಯೂ ಸಿಗುವುದಿಲ್ಲ. ಬೆಟ್ಟ ಕುರುಬರಿಗೆ ಈ ತೊಂದರೆ ತುಂಬಾ ವರ್ಷ ಇತ್ತು. ಕಾಡು ಕುರುಬ ಅನ್ನುವುದಕ್ಕೆ ಸಮಾನವಾಗಿ ಅವರ ಹೆಸರನ್ನು ಸೇರಿಸುವ ತಿದ್ದುಪಡಿಗೆ ಸಂಸತ್ತು ಒಪ್ಪಿದ್ದು 2022ರ ಡಿಸೆಂಬರಿನಲ್ಲಿ. ಸಿದ್ದಿಯರಿಗೆ ಉತ್ತರ ಕನ್ನಡದಲ್ಲಿ ಪಂಗಡದ ಸ್ಥಾನ ಬಂದಿದ್ದು 2003ರಲ್ಲಿ. ಬೆಳಗಾವಿ, ಧಾರವಾಡದ ಸಿದ್ದಿಯರು ಸೇರಿದ್ದು ತುಂಬಾ ಆಮೇಲೆ. ಹಾಗಾಗಿ ಹಳೆಯ ಪ್ರಮಾಣಪತ್ರ ಇದ್ದರೆ ತೆಗೆದು ಒಮ್ಮೆ ಓದಿ ನೋಡಿ.

ಜಾತಿ, ಆದಾಯ ಎರಡೂ ನಾಡಕಚೇರಿಯಲ್ಲಿ ಆಗುತ್ತವೆ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷ ಆಯಸ್ಸು. ಅರ್ಜಿ ಕೊಟ್ಟಾಗ ಸಕಾಲದ ಸಂಖ್ಯೆ ಇರುವ ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ. ಅದಿಲ್ಲದೆ "ನಾಳೆ ಬಾ" ಅನ್ನುವುದಕ್ಕೆ ಕೊನೆಯೇ ಇರುವುದಿಲ್ಲ.

ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಹೆಸರು ಒಂದೇ ಥರ ಇರಲಿ. ಒಂದರಲ್ಲಿ "ಜೆ.ಕೆ. ಮಾದಿ", ಇನ್ನೊಂದರಲ್ಲಿ "ಮಾದಿ ಕೋಂ ಕರಿಯ", ಮೂರನೆಯದರಲ್ಲಿ "ಮಾದಮ್ಮ" ಅಂತ ಇದ್ದರೆ ಕಂಪ್ಯೂಟರಿನ ಲೆಕ್ಕದಲ್ಲಿ ಅವರು ಮೂರು ಜನ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದ್ದರಷ್ಟೇ ಸಾಲದು, ಸರ್ಕಾರದ ಹಣ ಬೀಳುವುದಕ್ಕೆ ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಆಧಾರ್ ನಂಬರಿಗೆ ಬರುವ ಹಣ ಯಾವ ಬ್ಯಾಂಕಿಗೆ ಹೋಗಬೇಕು ಅನ್ನುವ ದಾಖಲೆ ಕೂಡ ಆಗಿರಬೇಕು. ಬ್ಯಾಂಕಿನಲ್ಲಿ ಈ ಎರಡನ್ನೂ ಬೇರೆ ಬೇರೆಯಾಗಿಯೇ ಕೇಳಿ.

3. ಸಂಘದ ಪುಸ್ತಕ

ಒಬ್ಬಳೇ ಹೋಗಿ ಸಾಲ ಕೇಳುವುದಕ್ಕಿಂತ ಸಂಘದ ದಾರಿ ಸುಲಭ. ಕರ್ನಾಟಕದಲ್ಲಿ ಇದನ್ನು ನೋಡಿಕೊಳ್ಳುವುದು ಸಂಜೀವಿನಿ, ಅಂದರೆ ರಾಜ್ಯದ ಗ್ರಾಮೀಣ ಜೀವನೋಪಾಯ ಸಂಸ್ಥೆ. ಸಾಮಾನ್ಯವಾಗಿ ಒಂದು ಸಂಘಕ್ಕೆ 10ರಿಂದ 20 ಜನ ಬೇಕು. ಆದರೆ ದೂರದ ಬುಡಕಟ್ಟು ಜಾಗಗಳಲ್ಲಿ 5 ಜನ ಇದ್ದರೂ ಸಂಘ ಮಾಡಬಹುದು. ಎಂಟು ಮನೆಯ ಪೋಡಿನಲ್ಲಿ "ಹತ್ತು ಜನ ಆಗಲ್ಲ, ಸಂಘ ಆಗಲ್ಲ" ಅಂತ ಯಾರಾದರೂ ಹೇಳಿದರೆ ಈ ಮಾತು ನೆನಪಿಸಿ.

ಸಂಘ ಅಂದರೆ ಹೆಸರು, ಬೋರ್ಡು, ಫೋಟೊ ಅಲ್ಲ. ಬ್ಯಾಂಕಿನವರು ನೋಡುವುದು ಐದು ಸಂಗತಿ: ಸಭೆ ತಪ್ಪದೆ ನಡೆಯುತ್ತಿದೆಯಾ, ಉಳಿತಾಯ ತಪ್ಪದೆ ಬೀಳುತ್ತಿದೆಯಾ, ಆ ಹಣವನ್ನು ಒಳಗೊಳಗೇ ಸಾಲ ಕೊಟ್ಟಿದ್ದೀರಾ, ಅದು ವಾಪಸ್ ಬಂದಿದೆಯಾ, ಇದೆಲ್ಲ ಪುಸ್ತಕದಲ್ಲಿ ಇದೆಯಾ. ಇದನ್ನೇ ಪಂಚಸೂತ್ರ ಅನ್ನುವುದು. ಆರು ತಿಂಗಳು ಹೀಗೆ ನಡೆಸಿದರೆ ಬ್ಯಾಂಕ್ ಸಾಲಕ್ಕೆ ಅರ್ಹತೆ ಬಂದ ಹಾಗೆ. ಈ ಆರು ತಿಂಗಳನ್ನು ಬ್ಯಾಂಕು ಪುಸ್ತಕ ನೋಡಿಯೇ ಲೆಕ್ಕ ಹಾಕುತ್ತದೆ, ಖಾತೆ ತೆರೆದ ದಿನದಿಂದ ಅಲ್ಲ.

ಉಳಿತಾಯವನ್ನೆಲ್ಲ ಬ್ಯಾಂಕಿನಲ್ಲಿ ಇಟ್ಟು ಮುಟ್ಟದೇ ಇರುವ ಸಂಘಗಳಿವೆ. ಅದು ಜಾಣತನ ಅನ್ನಿಸಬಹುದು. ಆದರೆ ಒಳಸಾಲ ಓಡಾಡದ ಸಂಘವನ್ನು ಸತ್ತ ಸಂಘದ ಲೆಕ್ಕಕ್ಕೆ ಹಾಕುತ್ತಾರೆ. ಮಗುವಿನ ಆಸ್ಪತ್ರೆಗೆ ಐನೂರು, ರಾಗಿ ಬೀಜಕ್ಕೆ ಎಂಟುನೂರು ಹೀಗೆ ಚಿಕ್ಕ ಚಿಕ್ಕ ಸಾಲ ಕೊಟ್ಟು ತೆಗೆದುಕೊಳ್ಳಿ. ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತಿದ್ದರೆ ಅದರಲ್ಲಿ ನೂರೋ ಇನ್ನೂರೋ ಉಳಿತಾಯಕ್ಕೆ ಹೋಗಲಿ.

ಬರೆಯುವುದು ಯಾರು? ಓದಿದ ಮಗಳೊಬ್ಬಳು ಬರೆಯಲಿ, ತೊಂದರೆಯಿಲ್ಲ. ಆದರೆ ಸಭೆಯ ಕೊನೆಗೆ ಗಟ್ಟಿಯಾಗಿ ಓದಿ ಹೇಳಬೇಕು: ಇವತ್ತು ಎಷ್ಟು ಬಂತು, ಯಾರಿಗೆ ಹೋಯಿತು, ಪೆಟ್ಟಿಗೆಯಲ್ಲಿ ಎಷ್ಟಿದೆ. ಹೆಬ್ಬೆಟ್ಟು ಒತ್ತುವವರಿಗೂ ತಮ್ಮ ಲೆಕ್ಕ ಬಾಯಲ್ಲಿ ಇರುತ್ತದೆ, ತಪ್ಪಿದರೆ ಅಲ್ಲೇ ಹಿಡಿಯುತ್ತಾರೆ.

4. ಯಾವ ದುಡ್ಡು ಯಾವುದಕ್ಕೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಸಂಘದ ಮೂಲಕ ಬರುವ ದುಡ್ಡು ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಮೊದಲು ಸುತ್ತುನಿಧಿ, ಈಗ 20ರಿಂದ 30 ಸಾವಿರ. ಇದು ಅನುದಾನ. ಆಮೇಲೆ ಪಂಚಾಯತಿ ಮಟ್ಟದ ಒಕ್ಕೂಟದಿಂದ ಸಮುದಾಯ ಬಂಡವಾಳ ನಿಧಿ. ಇದನ್ನು ವಾಪಸ್ ಕಟ್ಟಬೇಕು, ಆದರೆ ಒಕ್ಕೂಟಕ್ಕೆ, ಅಂದರೆ ನಿಮ್ಮದೇ ಪೆಟ್ಟಿಗೆಗೆ. ಮೂರನೆಯದು ಬ್ಯಾಂಕ್ ಸಾಲ. ಮೊದಲ ಸಲ ಸಂಘದ ಒಟ್ಟು ನಿಧಿಯ ಆರು ಪಟ್ಟು ಅಥವಾ ಒಂದೂವರೆ ಲಕ್ಷ, ಎರಡರಲ್ಲಿ ಯಾವುದು ಜಾಸ್ತಿಯೋ ಅಷ್ಟು. 3 ಲಕ್ಷದವರೆಗಿನ ಸಾಲಕ್ಕೆ ಬಡ್ಡಿ ಶೇ. 7. ಮಾಲು ಕೊಳ್ಳುವುದಕ್ಕೆ, ಕುರಿ ಕೋಳಿಗೆ, ಪುಟ್ಟ ಅಂಗಡಿಗೆ ಇದೇ ಸರಿಯಾದ ದುಡ್ಡು.

ಒಬ್ಬಳೇ ಮಾಡುವ ಕೆಲಸಕ್ಕೆ ಬೇರೆ ದಾರಿಗಳಿವೆ. ಹೊಲಿಗೆ, ಹಸು, ಕ್ಯಾಂಟೀನ್ ಇಂಥದ್ದಕ್ಕೆ ಆದಿವಾಸಿ ಮಹಿಳಾ ಸಶಕ್ತೀಕರಣ ಯೋಜನೆ ಅಂತ ಇದೆ. ಕೊಡುವುದು 2001ರಲ್ಲಿ ಶುರುವಾದ ರಾಷ್ಟ್ರೀಯ ಪರಿಶಿಷ್ಟ ಪಂಗಡಗಳ ಹಣಕಾಸು ಮತ್ತು ಅಭಿವೃದ್ಧಿ ನಿಗಮ. 2 ಲಕ್ಷದವರೆಗಿನ ಕೆಲಸಕ್ಕೆ ಶೇ. 90ರಷ್ಟು ಸಾಲ, ಬಡ್ಡಿ ವರ್ಷಕ್ಕೆ ಶೇ. 4. ಇಷ್ಟು ಕಮ್ಮಿ ಬಡ್ಡಿಗೆ ಬೇರೆಲ್ಲೂ ಸಿಗುವುದು ಕಷ್ಟ. ಆದರೂ ಹಾಡಿಗಳಲ್ಲಿ ಇದರ ಹೆಸರು ಕೇಳಿದವರು ಅಪರೂಪ. ನಮ್ಮ ರಾಜ್ಯದಲ್ಲಿ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ.

ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯಲ್ಲಿ 18ರಿಂದ 55 ವರ್ಷದೊಳಗಿನ ಹೆಂಗಸರಿಗೆ 3 ಲಕ್ಷದವರೆಗೆ ಬ್ಯಾಂಕ್ ಸಾಲ ಸಿಗುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಅದರಲ್ಲಿ ಅರ್ಧ, ಅಂದರೆ ಒಂದೂವರೆ ಲಕ್ಷದವರೆಗೆ ಸಬ್ಸಿಡಿ. ಕುಟುಂಬದ ವರ್ಷದ ಆದಾಯ 2 ಲಕ್ಷದ ಒಳಗಿರಬೇಕು. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ಕೇಳಿ. ಅರ್ಜಿ ಕರೆಯುವುದು ಯಾವಾಗಲೂ ಅಲ್ಲ, ಪ್ರಕಟಣೆ ಬಂದಾಗ ಮಾತ್ರ. ಅಂಗನವಾಡಿ ಟೀಚರ್‌ಗೆ ಮೊದಲೇ ಹೇಳಿಟ್ಟರೆ ಸುದ್ದಿ ಬೇಗ ಸಿಗುತ್ತದೆ.

ಇನ್ನೂ ದೊಡ್ಡದು ಬೇಕಾದರೆ ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಕಾರ್ಯಕ್ರಮ ಇದೆ. ಹಳ್ಳಿಯಲ್ಲಿ ಮಾಡುವ ಕೆಲಸಕ್ಕೆ ಮಹಿಳೆಯರಿಗೂ ಪಂಗಡದವರಿಗೂ ಶೇ. 35 ಸಬ್ಸಿಡಿ. ಕೈಯಿಂದ ಹಾಕಬೇಕಾದ್ದು ಶೇ. 5. ಆದರೆ ಆ ಸಬ್ಸಿಡಿ ಮೂರು ವರ್ಷ ಬ್ಯಾಂಕಿನಲ್ಲೇ ಕೂತಿರುತ್ತದೆ, ಕೈಗೆ ಬರುವುದಿಲ್ಲ. ಇದು ಗೊತ್ತಿಲ್ಲದೆ ತೆಗೆದುಕೊಂಡವರು ಆಮೇಲೆ "ದುಡ್ಡು ಬ್ಯಾಂಕಿನವರೇ ನುಂಗಿದರು" ಅನ್ನುತ್ತಾರೆ.

ಕಾಡಿನ ಹುಟ್ಟುವಳಿಯನ್ನು ಹಲವು ಹಾಡಿಗಳು ಸೇರಿ ಸಂಸ್ಕರಿಸುವುದಾದರೆ ವನ್ ಧನ್ ಇದೆ. 2018ರ ಏಪ್ರಿಲ್ 14ರಂದು ಛತ್ತೀಸಗಢದ ಬಿಜಾಪುರದಲ್ಲಿ ಶುರುವಾದ ಯೋಜನೆ ಇದು. ಸುಮಾರು 15 ಸಂಘಗಳು, 300 ಜನ ಸೇರಿದರೆ ಒಂದು ಕೇಂದ್ರ. ಆಳಿಗೆ 5,000 ರೂಪಾಯಿ ಲೆಕ್ಕದಲ್ಲಿ 15 ಲಕ್ಷದವರೆಗೆ ಬರುತ್ತದೆ. 15 ಲಕ್ಷ ಅಂದರೆ ದೊಡ್ಡದಾಗಿ ಕೇಳಿಸುತ್ತದೆ. 300 ಜನಕ್ಕೆ ಹಂಚಿ ನೋಡಿ. ತರಬೇತಿ, ಸಾಮಾನು, ಯಂತ್ರ ಎಲ್ಲ ಅದರಲ್ಲೇ ಆಗಬೇಕು.

ಜೇನು ಕುರುಬರು ಮತ್ತು ಕೊರಗರು ಒಂದು ಮಾತು ನೆನಪಿಡಬೇಕು. ಕರ್ನಾಟಕದಲ್ಲಿ "ವಿಶೇಷವಾಗಿ ದುರ್ಬಲ ಬುಡಕಟ್ಟು" ಅನ್ನುವ ಪಟ್ಟಿಯಲ್ಲಿ ಇರುವುದು ಈ ಎರಡೇ ಸಮುದಾಯ. 2023ರ ನವೆಂಬರ್ 15ರಂದು ಜಾರ್ಖಂಡದ ಖೂಂಟಿಯಲ್ಲಿ ಶುರುವಾದ ಪಿಎಂ-ಜನಮನ್ ಇಂಥ 75 ಸಮುದಾಯಗಳಿಗೆ ಮಾತ್ರ. ಮನೆ, ರಸ್ತೆ, ನೀರಿನ ಜೊತೆಗೆ ವನ್ ಧನ್ ಕೇಂದ್ರಗಳಿಗೂ ಅದರಲ್ಲಿ ಹಣ ಇದೆ. ಉಳಿದ ಬುಡಕಟ್ಟುಗಳ ಊರುಗಳಿಗೆ 2024ರ ಅಕ್ಟೋಬರ್ 2ರಂದು ಶುರುವಾದ ಧರ್ತಿ ಆಬಾ ಅಭಿಯಾನ ಇದೆ. ನಿಮ್ಮ ಊರು ಪಟ್ಟಿಯಲ್ಲಿ ಇದೆಯಾ ಅಂತ ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆಯ ಕಚೇರಿಯಲ್ಲಿ, ಅಂದರೆ ಐಟಿಡಿಪಿಯಲ್ಲಿ ಕೇಳಿ. ಆ ಕಚೇರಿ ಇಲ್ಲದ ಜಿಲ್ಲೆಯಲ್ಲಿ ಪರಿಶಿಷ್ಟ ವರ್ಗಗಳ ಕಲ್ಯಾಣ ಇಲಾಖೆಯಲ್ಲಿ ಗೊತ್ತಾಗುತ್ತದೆ.

ತಿನ್ನುವ ಪದಾರ್ಥ ಮಾಡುವ ಘಟಕಕ್ಕೆ ಕಿರು ಆಹಾರ ಸಂಸ್ಕರಣಾ ಯೋಜನೆ ಕೂಡ ಇದೆ. ಸಂಘದ ಸದಸ್ಯೆಗೆ 40 ಸಾವಿರದವರೆಗೆ ಬೀಜಧನ, ಯಂತ್ರಕ್ಕೆ ಸಬ್ಸಿಡಿ. ಜಮೀನೇ ಇಲ್ಲದ ಕೂಲಿ ಹೆಂಗಸರಿಗೆ ವಾಲ್ಮೀಕಿ ನಿಗಮದ ಭೂ ಒಡೆತನ ಯೋಜನೆ ಇದೆ. ಅರ್ಧ ಸಬ್ಸಿಡಿ, ಅರ್ಧ ಸಾಲ, ಜಮೀನು ಹೆಂಗಸಿನ ಹೆಸರಿಗೇ ನೋಂದಣಿ. ಕೇಳುವವರು ಜಾಸ್ತಿ, ಸಿಗುವುದು ಕಮ್ಮಿ. ಆದರೂ ಅರ್ಜಿ ಹಾಕಿ.

ಮೊತ್ತ, ಮಿತಿ, ಬಡ್ಡಿ ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ದಿನ ಕಚೇರಿಯಲ್ಲಿ ಆ ವರ್ಷದ ಸುತ್ತೋಲೆ ತೋರಿಸಿ ಅಂತ ಕೇಳಿ.

5. ಕಾಡಿನ ಮಾಲಾದರೆ ಹಕ್ಕಿನ ಕಾಗದ ಮೊದಲು

ಯೋಜನೆಯ ಹಣ ಬಂದಿದೆ, ಡಬ್ಬ, ಲೇಬಲ್ ಎಲ್ಲ ರೆಡಿ. ಆದರೆ ಜೇನು ತರುವಾಗ ಚೆಕ್‌ಪೋಸ್ಟ್‌ನಲ್ಲಿ ಹಿಡಿದರೆ? ನಾಗರಹೊಳೆ, ಬಂಡೀಪುರ, ಬಿಳಿಗಿರಿರಂಗನ ಬೆಟ್ಟ ಎಲ್ಲ ಹುಲಿ ಸಂರಕ್ಷಿತ ಪ್ರದೇಶಗಳು. ಅಲ್ಲಿ ಈ ಪ್ರಶ್ನೆ ಸುಮ್ನೆ ಬಂದಿದ್ದಲ್ಲ.

2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನವನ್ನು ಸಂಗ್ರಹಿಸುವ, ಬಳಸುವ, ಮಾರುವ ಹಕ್ಕನ್ನು ಕೊಡುತ್ತದೆ. ಜೇನು, ಮೇಣ, ಬಿದಿರು, ಔಷಧಿ ಗಿಡ, ಗೆಡ್ಡೆ ಗೆಣಸು ಎಲ್ಲ ಇದರಲ್ಲಿ ಬರುತ್ತವೆ. 2012ರ ತಿದ್ದುಪಡಿ ನಿಯಮದ ಪ್ರಕಾರ ಸಾಗಣೆಯ ರಹದಾರಿಯನ್ನು ಗ್ರಾಮಸಭೆ ನೇಮಿಸಿದ ಸಮಿತಿಯೇ ಕೊಡಬಹುದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಸಮುದಾಯ ಅರಣ್ಯ ಹಕ್ಕಿನ ಪತ್ರ ಪಡೆದರು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಅದು ಮೊದಲು.

ನಿಮ್ಮ ಹಾಡಿಗೆ ಸಮುದಾಯ ಹಕ್ಕುಪತ್ರ ಬಂದಿದ್ದರೆ ಅದರ ನಕಲು ಅರ್ಜಿಯ ಜೊತೆ ಹೋಗಲಿ. ಬಂದಿಲ್ಲವೆಂದರೆ ಹಣದ ಅರ್ಜಿಗೆ ಮೊದಲು ಇದರ ಅರ್ಜಿ. ಅರಣ್ಯ ಹಕ್ಕು ಸಮಿತಿಯಲ್ಲಿ ಮೂರರಲ್ಲಿ ಒಂದು ಪಾಲು ಹೆಂಗಸರು ಇರಲೇಬೇಕು, ಗ್ರಾಮಸಭೆಗೆ ಬಂದವರಲ್ಲೂ ಅಷ್ಟೇ. ಹೆಸರಿಗೆ ಮಾತ್ರ ಕೂರಬೇಡಿ, ಕಿರು ಉತ್ಪನ್ನದ ವಿಷಯ ಎತ್ತಿ. ಯಾಕೆ ಅಂದರೆ ಗಂಡಸರು ಜಮೀನಿನ ಹಕ್ಕನ್ನೇ ಮೊದಲು ಕೇಳುತ್ತಾರೆ. ಅಂದ ಹಾಗೆ, ಜಮೀನಿನ ಹಕ್ಕುಪತ್ರವೂ ಗಂಡ ಹೆಂಡತಿ ಇಬ್ಬರ ಹೆಸರಿಗೆ ಜಂಟಿಯಾಗಿ ಬರಬೇಕು ಅಂತ ಕಾಯ್ದೆಯಲ್ಲೇ ಇದೆ. ನಿಮ್ಮ ಪತ್ರ ತೆಗೆದು ನೋಡಿ.

ಹುಣಸೂರು, ಎಚ್.ಡಿ. ಕೋಟೆ, ಕೊಡಗು, ಚಾಮರಾಜನಗರ ಕಡೆ ಆದಿವಾಸಿಗಳ ಕಾಡಿನ ಮಾಲು ಕೊಳ್ಳುವ ಲ್ಯಾಂಪ್ಸ್ ಸಹಕಾರ ಸಂಘಗಳಿವೆ. ಅವುಗಳಲ್ಲಿ ಷೇರುದಾರರಾಗಿ. ಒಳ್ಳೆ ಬೆಲೆ ಕೊಡುತ್ತವೋ ಇಲ್ಲವೋ, ಅದು ಬೇರೆ ಜಗಳ. ಆದರೆ ನೀವು ಷೇರುದಾರರಾಗಿದ್ದರೆ ಆ ಜಗಳವನ್ನು ಒಳಗೆ ಕೂತೇ ಆಡಬಹುದು.

6. ಲೆಕ್ಕ ಹಾಕುವುದು

ಒಂದು ಉದಾಹರಣೆ ಹಿಡಿಯೋಣ. ದರಗಳು ನಿಮ್ಮ ಊರಿಗೆ ತಕ್ಕಂತೆ ಬದಲಾಗುತ್ತವೆ, ಲೆಕ್ಕದ ರೀತಿ ಮಾತ್ರ ಇದೇ.

ನೂರು ಕೆಜಿ ಹಸಿ ಜೇನು, ಕೆಜಿಗೆ 300ರಂತೆ ಕೊಂಡರೆ 30,000 ರೂಪಾಯಿ. ಸೋಸಿ, ತೇವ ತೆಗೆದಾಗ 8 ಕೆಜಿ ಹೋಗಿ 92 ಕೆಜಿ ಉಳಿಯಿತು ಅಂದುಕೊಳ್ಳಿ. ಅರ್ಧ ಕೆಜಿಯ 184 ಬಾಟಲಿ. ಬಾಟಲಿಗೆ 15ರಂತೆ 2,760. ಲೇಬಲ್‌ಗೆ 3ರಂತೆ 552. ನಾಲ್ಕು ಹೆಂಗಸರು ಮೂರು ದಿನ ಕೆಲಸ, ದಿನಕ್ಕೆ 400ರಂತೆ 4,800. ಆಟೊ, ಬಸ್ಸು 1,500. ಕರೆಂಟು, ಸೋಪು, ಬಟ್ಟೆ, ಇತ್ಯಾದಿ 1,000. ಒಟ್ಟು 40,612. ಬಾಟಲಿಗೆ ಸುಮಾರು 221 ಬಿತ್ತು.

ಈಗ 300 ರೂಪಾಯಿಗೆ ಮಾರಿದರೆ 79 ರೂಪಾಯಿ ಲಾಭ ಅನ್ನಿಸುತ್ತದೆ, ಅಲ್ವಾ? ಆದರೆ ಅಂಗಡಿಯವನು ಶೇ. 25 ಇಟ್ಟುಕೊಂಡರೆ ನಿಮಗೆ ಬರುವುದು 225. ನೂರು ಕೆಜಿ ಜೇನಿಗೆ ಒಟ್ಟು ಲಾಭ 788 ರೂಪಾಯಿ. ಅದೇ 350ಕ್ಕೆ ಮಾರಿದರೆ ಅಂಗಡಿ ಪಾಲು ಕಳೆದು ಬಾಟಲಿಗೆ 262 ರೂಪಾಯಿ 50 ಪೈಸೆ, ಒಟ್ಟು 7,688 ಉಳಿಯುತ್ತದೆ. ಐವತ್ತು ರೂಪಾಯಿಯಲ್ಲಿ ಎಷ್ಟು ವ್ಯತ್ಯಾಸ ನೋಡಿ.

ಹೆಚ್ಚಿನ ಸಂಘಗಳು ಆ 4,800 ರೂಪಾಯಿ ಕೂಲಿಯನ್ನು ಬರೆಯುವುದೇ ಇಲ್ಲ. "ನಾವೇ ಮಾಡ್ತೀವಲ್ಲ, ಅದಕ್ಕೇನು ಕೂಲಿ" ಅನ್ನುತ್ತಾರೆ. ಆ ಮೂರು ದಿನ ಕಾಫಿ ತೋಟಕ್ಕೆ ಹೋಗಿದ್ದರೆ ಕೂಲಿ ಬರುತ್ತಿತ್ತು. ಅದಕ್ಕೇ ಎರಡನೇ ವರ್ಷ ಘಟಕಕ್ಕೆ ಯಾರೂ ಬರುವುದಿಲ್ಲ, ಎಲ್ಲರೂ ತೋಟಕ್ಕೆ ಹೋಗುತ್ತಾರೆ. ನಿಮ್ಮ ಕೂಲಿಯನ್ನು ಲೆಕ್ಕದಲ್ಲಿ ಇಡಿ, ಕೊಡಿ, ತೆಗೆದುಕೊಳ್ಳಿ.

ಜೇನಿನ ತೇವ ಶೇ. 20ಕ್ಕಿಂತ ಜಾಸ್ತಿ ಇರಬಾರದು ಅನ್ನುವುದು ಆಹಾರ ಸುರಕ್ಷತೆಯ ನಿಯಮ. ಹೆಜ್ಜೇನು ಎಷ್ಟೋ ಸಲ ಅದಕ್ಕಿಂತ ನೀರಾಗಿರುತ್ತದೆ. ಹಾಗೇ ಬಾಟಲಿಗೆ ತುಂಬಿದರೆ ಕೆಲವು ವಾರಕ್ಕೆ ನೊರೆ ಬಂದು ಮುಚ್ಚಳ ಉಬ್ಬುತ್ತದೆ, ಹುಳಿ ವಾಸನೆ ಬರುತ್ತದೆ. ಪೇಟೆಯವರು "ಕಲಬೆರಕೆ" ಅಂತ ವಾಪಸ್ ಕಳಿಸುತ್ತಾರೆ. ಹಾಗಾಗಿ ದೊಡ್ಡ ಯಂತ್ರ ಕೇಳುವ ಮೊದಲು ತೇವ ಅಳೆಯುವ ರಿಫ್ರಾಕ್ಟೋಮೀಟರ್ ಒಂದನ್ನು ಪಟ್ಟಿಯಲ್ಲಿ ಬರೆಯಿರಿ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಒಂದು ಹನಿ ಹಾಕಿ ಕಣ್ಣಿಗೆ ಹಿಡಿದರೆ ಗೆರೆ ಕಾಣುತ್ತದೆ. ಅಕ್ಷರ ಬಾರದವರೂ ಒಂದೇ ದಿನದಲ್ಲಿ ಕಲಿಯುತ್ತಾರೆ.

7. ಅರ್ಜಿ ಬರೆಯುವುದು

ಈಗ ಮೊದಲ ದಿನದ ಆ ಹಾಳೆ ತೆಗೆಯಿರಿ. ಅರ್ಧ ಅರ್ಜಿ ಅಲ್ಲೇ ಇದೆ. ಉಳಿದದ್ದು: ಎಷ್ಟು ಜನ, ಯಾವ ಹಾಡಿ, ಒಟ್ಟು ಖರ್ಚು ಎಷ್ಟು, ಅದರಲ್ಲಿ ನಿಮ್ಮದೆಷ್ಟು, ಸರ್ಕಾರದ್ದೆಷ್ಟು, ಸಾಲವಾದರೆ ಯಾವ ತಿಂಗಳಿಂದ ಕಟ್ಟುತ್ತೀರಿ. ಯಂತ್ರ ಇದ್ದರೆ ಕೊಟೇಷನ್ ಲಗತ್ತಿಸಿ. ಹಿಂದಿನ ವರ್ಷ ಎಷ್ಟು ಮಾರಿದ್ದೀರಿ ಅನ್ನುವುದಕ್ಕೆ ಬಿಲ್ಲೋ ಲ್ಯಾಂಪ್ಸ್‌ನ ರಸೀದಿಯೋ ಇದ್ದರೆ ಅದಕ್ಕಿಂತ ಒಳ್ಳೆ ದಾಖಲೆ ಇಲ್ಲ. "ಆದಿವಾಸಿ ಮಹಿಳೆಯರ ಸರ್ವಾಂಗೀಣ ಸಬಲೀಕರಣ" ಅಂತೆಲ್ಲ ಬರೆಯಬೇಡಿ. "ವರ್ಷಕ್ಕೆ 600 ಕೆಜಿ ಜೇನು ಕೊಳ್ಳುತ್ತೇವೆ, ಏಪ್ರಿಲ್‌ನಲ್ಲಿ 1.8 ಲಕ್ಷ ಬೇಕು" ಅಂತ ಬರೆಯಿರಿ. ಕಡತ ನೋಡುವವರಿಗೂ ಅದೇ ಅನುಕೂಲ.

ಮಾಲು ಕೊಳ್ಳುವ ಬಂಡವಾಳವನ್ನು ಬೇರೆ ಸಾಲಾಗಿ ತೋರಿಸಿ. ಮೂರು ತಿಂಗಳಲ್ಲಿ ಕೊಂಡು ವರ್ಷವಿಡೀ ಮಾರುವ ಕೆಲಸ ಇದು. ಕಟ್ಟಡಕ್ಕೂ ಯಂತ್ರಕ್ಕೂ ಎಲ್ಲ ಖರ್ಚು ಮಾಡಿ ಕೂತರೆ ಮತ್ತೆ ಹಳೇ ಸಾಹುಕಾರನ ಮುಂಗಡಕ್ಕೇ ಕೈ ಚಾಚಬೇಕು.

ಗ್ರಾಮ ಒನ್‌ನಲ್ಲೋ ಬಾಪೂಜಿ ಸೇವಾ ಕೇಂದ್ರದಲ್ಲೋ ಸೇವಾ ಸಿಂಧು ಮೂಲಕ ಹಾಕುವ ಅರ್ಜಿಯಾದರೆ ತುಂಬಿದ ಮೇಲೆ ಪ್ರಿಂಟ್ ತೆಗೆಸಿ, ಮನೆಗೆ ಬಂದು ಒಬ್ಬರು ಓದಲಿ. ಮೊಬೈಲ್ ನಂಬರ್ ನಿಮ್ಮದೇ ಇರಲಿ, ಅಂಗಡಿಯವನದ್ದು ಬೇಡ. ಒಟಿಪಿ ಅವನ ಫೋನಿಗೆ ಹೋದರೆ ಅರ್ಜಿಯ ಬೀಗದ ಕೈ ಅವನ ಹತ್ತಿರ ಇದ್ದ ಹಾಗೆ.

ವಾಲ್ಮೀಕಿ ನಿಗಮದ ಹಲವು ಯೋಜನೆಗಳಲ್ಲಿ ಆಯ್ಕೆ ಸಮಿತಿಗೆ ಶಾಸಕರೇ ಅಧ್ಯಕ್ಷರು. ಹಾಗಾಗಿ ಅರ್ಜಿಯ ನಕಲನ್ನು ಅವರ ಕಚೇರಿಗೂ ಕೊಟ್ಟು ಬನ್ನಿ. ಹತ್ತು ಜನ ಹೆಂಗಸರು ಒಟ್ಟಿಗೆ ಹೋದರೆ ನೆನಪಿರುತ್ತದೆ. "ನಾನು ಮಾಡಿಸಿಕೊಡ್ತೀನಿ, ಹತ್ತು ಪರ್ಸೆಂಟ್ ಕೊಡಿ" ಅನ್ನುವವನು ಬಂದೇ ಬರುತ್ತಾನೆ. ಅವನಿಗೆ ಕೊಡಲು ಯಾವ ಯೋಜನೆಯಲ್ಲೂ ದುಡ್ಡಿಟ್ಟಿಲ್ಲ.

8. ಬ್ಯಾಂಕಿನಲ್ಲಿ ಕೇಳುವ ಮಾತು, ಹೇಳುವ ಮಾತು

ಬ್ಯಾಂಕಿಗೆ ಹೋಗುವಾಗ ರಿಸರ್ವ್ ಬ್ಯಾಂಕಿನ ನಿಯಮ ಮೂರು ನಾಲ್ಕು ಬಾಯಲ್ಲಿರಲಿ.

ಸಂಘದ ಉಳಿತಾಯ ಖಾತೆ ತೆರೆಯಲು ಎಲ್ಲ ಸದಸ್ಯೆಯರ ಕೆವೈಸಿ, ಅಂದರೆ ಗುರುತು ವಿಳಾಸದ ದಾಖಲೆ ಬೇಕಿಲ್ಲ, ಪದಾಧಿಕಾರಿಗಳದ್ದು ಸಾಕು. 10 ಲಕ್ಷದವರೆಗಿನ ಸಂಘದ ಸಾಲಕ್ಕೆ ಜಾಮೀನು ಕೇಳುವಂತಿಲ್ಲ. ಡೆಪಾಸಿಟ್ ಇಡಿ ಅನ್ನುವಂತಿಲ್ಲ. ಸಂಘದ ಉಳಿತಾಯವನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ. ಸದಸ್ಯೆಯೊಬ್ಬಳ ಗಂಡ ಹಳೇ ಸಾಲ ಕಟ್ಟಿಲ್ಲ ಅನ್ನುವ ಒಂದೇ ಕಾರಣಕ್ಕೆ ಸಾಮಾನ್ಯವಾಗಿ ಇಡೀ ಸಂಘಕ್ಕೆ ಸಾಲ ನಿಲ್ಲಿಸಬಾರದು, ಸಂಘ ಬಾಕಿ ಉಳಿಸಿಕೊಂಡಿರಬಾರದು ಅಷ್ಟೇ.

ಒಂದು ಶಾಖೆಯಲ್ಲಿ ನನ್ನ ಎದುರಿಗೇ ನಡೆದ ಮಾತು. "ನಿಮ್ಮ ಕಡೆಯವರು ಕಟ್ಟಲ್ಲ" ಅಂದರು ಕೌಂಟರಿನವರು. ಸಂಘದ ಹೆಂಗಸೊಬ್ಬರು ಪುಸ್ತಕ ತೆಗೆದು ಕೌಂಟರಿನ ಮೇಲೆ ಇಟ್ಟು, "ಸಾರ್, ಯಾವ ವಾರ ಕಟ್ಟಿಲ್ಲ ತೋರ್ಸಿ" ಅಂದರು. ಆತ ಹಾಳೆ ತಿರುಗಿಸಿ ನೋಡಿ ಮ್ಯಾನೇಜರ್ ಕಡೆ ಕಳಿಸಿದ.

ಇಲ್ಲ ಅಂದರೆ ಬರಹದಲ್ಲಿ ಕಾರಣ ಕೇಳಿ. ಅರ್ಜಿ ಎಲ್ಲಿದೆ ಅಂತಲೇ ಗೊತ್ತಾಗದಿದ್ದರೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಇದೆ, 30 ದಿನದಲ್ಲಿ ಉತ್ತರ ಕೊಡಬೇಕು. "ನಮ್ಮ ಅರ್ಜಿ ಯಾವ ಟೇಬಲ್‌ನಲ್ಲಿ ಎಷ್ಟು ದಿನ ಇತ್ತು" ಅಂತ ಕೇಳಿದರೆ ಎಷ್ಟೋ ಸಲ ಉತ್ತರದ ಬದಲು ಸಾಲವೇ ಮಂಜೂರಾಗುತ್ತದೆ.

ಇದೇ ಹೊತ್ತಿಗೆ ಖಾಸಗಿ ಮೈಕ್ರೋಫೈನಾನ್ಸ್‌ನವರು ಮನೆ ಬಾಗಿಲಿಗೇ ಬಂದು ದುಡ್ಡು ಕೊಡುತ್ತಾರೆ. ವಸೂಲಿ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು ಅಂದರೆ ನೀವೇ ಲೆಕ್ಕ ಹಾಕಿ. ಸಂಘದ ಸಾಲ ತಡವಾಯಿತು ಅಂತ ಆ ಸಾಲ ತೆಗೆದು ಮಾಲು ಕೊಳ್ಳಬೇಡಿ. ಜೇನು ಮಾರಿ ದುಡ್ಡು ಬರಲು ತಿಂಗಳುಗಳು ಬೇಕು, ಅವರ ಕಂತು ವಾರಕ್ಕೊಮ್ಮೆ.

9. ದುಡ್ಡು ಬಂದ ಮೇಲೆ

ಸಾಲ ಹೆಂಡತಿಯ ಹೆಸರಲ್ಲಿ, ಗೂಡ್ಸ್ ಆಟೊ ಗಂಡನ ಕೈಯಲ್ಲಿ, ಕಂತು ಮಾತ್ರ ಮತ್ತೆ ಹೆಂಡತಿಯ ತಲೆ ಮೇಲೆ. ಇದು ಹಾಡಿಯಲ್ಲಿ ಮಾತ್ರ ಅಲ್ಲ, ಎಲ್ಲ ಕಡೆ ಇದೆ. ಪಾಸ್‌ಬುಕ್, ಎಟಿಎಂ ಕಾರ್ಡ್, ಪಿನ್ ಯಾರ ಹತ್ತಿರ ಇರಬೇಕು ಅಂತ ಹಣ ಬರುವ ಮೊದಲೇ ಸಭೆಯಲ್ಲಿ ಠರಾವು ಬರೆಯಿರಿ. ಸಂಘದ ಖಾತೆಯಿಂದ ಹಣ ತೆಗೆಯಲು ಕನಿಷ್ಠ ಇಬ್ಬರ ಸಹಿ ಇರಲಿ.

ತಿನ್ನುವ ಪದಾರ್ಥವಾದರೆ ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿ, ಚಿಕ್ಕ ಘಟಕಕ್ಕೆ ವರ್ಷಕ್ಕೆ ನೂರು ರೂಪಾಯಿಯಷ್ಟೇ ಶುಲ್ಕ. ಆ ನಂಬರ್, ತೂಕ, ತುಂಬಿದ ದಿನ, ಬೆಲೆ ಲೇಬಲ್ ಮೇಲೆ ಬರಲೇಬೇಕು. ಚಿಕ್ಕ ಉದ್ದಿಮೆಗಳಿಗೆ ಇರುವ ಉದ್ಯಮ್ ನೋಂದಣಿ ಪುಕ್ಕಟೆ. ಅದಕ್ಕೂ ಐನೂರು ಕೇಳುವವರಿದ್ದಾರೆ, ಕೊಡಬೇಡಿ.

ಅನುದಾನವಾದರೆ ಪ್ರತಿ ಖರ್ಚಿಗೂ ಬಿಲ್ಲು ಬೇಕು. ಹಾಡಿಯಲ್ಲಿ ಬಿಲ್ಲು ಸಿಗದ ಖರ್ಚು ಇದ್ದೇ ಇರುತ್ತದೆ. ಅಡಿಕೆ ದಬ್ಬೆ ತಂದವನು, ಕಟ್ಟಿಗೆ ಸೀಳಿದವನು ಬಿಲ್ಲು ಎಲ್ಲಿಂದ ಕೊಡಬೇಕು? ಅಂಥದ್ದಕ್ಕೆ ಒಂದು ಚೀಟಿಯಲ್ಲಿ ಕೆಲಸ, ದಿನ, ಮೊತ್ತ ಬರೆದು ಸಹಿಯೋ ಹೆಬ್ಬೆಟ್ಟೋ ತೆಗೆದುಕೊಳ್ಳಿ, ಇಬ್ಬರು ಸದಸ್ಯೆಯರು ಸಾಕ್ಷಿ ಹಾಕಲಿ. ಎಲ್ಲವನ್ನೂ ತಾರೀಖಿನ ಪ್ರಕಾರ ಒಂದು ಫೈಲಿಗೆ ಪೋಣಿಸಿ. ಹಣ ಬಳಕೆ ಪ್ರಮಾಣಪತ್ರ ಕೊಡದೆ ಎರಡನೇ ಕಂತು ಬರುವುದಿಲ್ಲ. ಮಳೆಗಾಲದಲ್ಲಿ ಗೆದ್ದಲು, ತೇವ ಎರಡೂ ಕಾಗದಕ್ಕೆ ಶತ್ರು. ಫೈಲನ್ನು ಗೋಡೆಗೆ ಒರಗಿಸದೆ ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬದಲ್ಲಿ ಇಟ್ಟು, ಪ್ರತಿ ಹಾಳೆಯ ಫೋಟೊವನ್ನು ಇಬ್ಬರ ಮೊಬೈಲಿನಲ್ಲಿ ಇಟ್ಟುಕೊಳ್ಳಿ.